ಸೋಮವಾರದ ತೂಕ

ಕುರುಗೋಡಿನ ದಲಾಲಿ ಚಿದಾನಂದಪ್ಪನ ಮನೆಯಲ್ಲಿ ಬಸುರಿ ಸೊಸೆಯನ್ನು ವಾರಕ್ಕೊಮ್ಮೆ ಕಾಟಾದ ಮೇಲೆ ನಿಲ್ಲಿಸಿ ತೂಗುವ ಪದ್ಧತಿ ಶುರುವಾದದ್ದು ಬೀಗತಿಯ ಒಂದು ಮಾತಿನಿಂದ.

ಏಳನೇ ತಿಂಗಳಿಗೆ ಸೊಸೆ ಅಕ್ಷಿತಾಳಿಗೆ ಸೀಮಂತದ ಕುಬಸ ಮಾಡಿದರು. ಸಿರುಗುಪ್ಪದಿಂದ ತವರಿನವರು ಹಸಿರು ಸೀರೆ, ಹಸಿರು ಬಳೆ, ಐದು ನಮೂನೆಯ ಬುತ್ತಿ ಕಟ್ಟಿಕೊಂಡು ಬಂದರು. ಆರತಿಯಾಯಿತು, ಊಟವಾಯಿತು, ಎಲೆ ಅಡಿಕೆ ಬಾಯಿಗೆ ಬಿತ್ತು. ಆಗ ಹುಡುಗಿಯ ಅವ್ವ ಮಗಳ ಮುಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಏನ್ರೀ ಬೀಗರ, ನಮ್ಮ ಹುಡಿಗಿನ್ನ ತೊಗರಿ ಕಟಗಿ ಮಾಡಿ ಇಟ್ಟೀರಲ್ಲ. ಎರಡು ಟಿಪ್ಪರ್ ಓಡಸ್ತೀರಿ ಅಂತ ಕೇಳೀವಿ. ಒಂದು ಲೋಟ ಹಾಲು ಕೊಡಾಕ ಆಗೂದಿಲ್ಲೇನು?"

ನಗುತ್ತಲೇ ಅಂದಳು. ಬೀಗತಿಯರು ಅನ್ನುವುದು ಯಾವಾಗಲೂ ನಗುತ್ತಲೇ.

ಚಿದಾನಂದಪ್ಪ ಮೂವತ್ತು ವರ್ಷದಿಂದ ಹತ್ತಿ, ಮೆಣಸಿನಕಾಯಿ ತೂಗಿದವನು. ಅಂಗಡಿಯ ಮುಂದಿನ ಕಬ್ಬಿಣದ ಕಾಟಾ ಅವನ ಮನೆದೇವರಿಗಿಂತ ಒಂದು ಗುಂಜಿ ಮಾತ್ರ ಕಡಿಮೆ. ಬೇರೆ ಅಂಗಡಿಯಲ್ಲಿ ತೂಕದ ಜಗಳ ಬಿದ್ದರೆ ಜನ ಮೂಟೆ ಹೊತ್ತು ಅಲ್ಲಿಗೇ ಬರುತ್ತಿದ್ದರು. ಅದಿರಿನ ಕಾಲ ಬಂದ ಮೇಲೆ ಮಗ ಜಂಬುನಾಥ ಎರಡು ಟಿಪ್ಪರ್ ಇಳಿಸಿ ಸಂಡೂರಿನ ಗಣಿಗಳ ಕಡೆಗೇ ಉಳಿದುಬಿಟ್ಟಿದ್ದ. ವಾರಕ್ಕೊಮ್ಮೆ ಮೈತುಂಬ ಕೆಂಪು ಧೂಳು ಹೊತ್ತು ಮನೆಗೆ ಬರುತ್ತಿದ್ದ. ದುಡ್ಡು ಬಂದಿತ್ತು, ಹೆಸರೂ ಬಂದಿತ್ತು. ಇಂಥ ಮನೆಯ ಸೊಸೆ ತೊಗರಿ ಕಟಗಿಯೆ?

ಮುಂದಿನ ಸೋಮವಾರ ಬಸವಣ್ಣನ ಗುಡಿಗೆ ಹೋಗಿ ಬಂದವನೇ ಸೊಸೆಯನ್ನು ಅಂಗಡಿಗೆ ಕರೆಸಿದ. ಕಾಟಾದ ಮೇಲೆ ಒಗೆದ ಗೋಣಿಚೀಲ ಹಾಸಿ, ಮೂಲೆಗೆ ಕುಂಕುಮ ಹಚ್ಚಿ, ಹಮಾಲ ಮಾರೆಣ್ಣನಿಗೆ, "ತೂಗಲೇ" ಎಂದ.

ಮಾರೆಣ್ಣ ಗೋಣಿ ತೂಗಿದವನು, ಗರತಿಯನ್ನು ತೂಗಿದವನಲ್ಲ. ತಲೆ ಕೆರೆದುಕೊಂಡು ಕೇಳಿದ. "ಯಜಮಾನ್ರ, ಮೂಟಿ ಆದ್ರ ಚೀಲದ ತೂಕ ಕಳೀತೀವಿ. ಇಲ್ಲಿ ಸೀರಿ ತೂಕ ಕಳೀಬೇಕೇನ್ರಿ?"

"ಏನೂ ಕಳೀಬ್ಯಾಡ. ಇದ್ದಂಗ ಹೇಳು."

ಐವತ್ತೆರಡು ಕಿಲೋ ಬಂತು. ಚಿದಾನಂದಪ್ಪ ಅಲ್ಲೇ ನಿಂತು ಸಿರುಗುಪ್ಪಕ್ಕೆ ಫೋನು ಹಚ್ಚಿದ. ಅಂದಿನಿಂದ ಹಾಲು, ತುಪ್ಪ, ಅಂಟಿನುಂಡೆ ಶುರು. ಸೋಮವಾರ ಸೋಮವಾರ ತೂಕ, ತೂಕದ ಬೆನ್ನಿಗೆ ಫೋನು.

ಈ ಮನೆಯಲ್ಲಿ ಇನ್ನೊಬ್ಬಳಿದ್ದಳು. ಚಿದಾನಂದಪ್ಪನ ಅಕ್ಕ ಶಿವಬಸಮ್ಮ. ಗಂಡ ತೀರಿದಾಗ ಇಪ್ಪತ್ಮೂರು ವರ್ಷದವಳು. ತಮ್ಮನ ಮನೆಗೆ ಬಂದು ಒಂದು ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಾಗ ಬಂದದ್ದೆಲ್ಲ ಸುಳ್ಳು. ಹಣಕ್ಕಲ್ಲ, ಲಾಭಕ್ಕಲ್ಲ. ಸುಮ್ಮನೆ. ಹೋದ ಬೇಸಿಗೆಯಲ್ಲಿ ಶಾಲೆಯ ಬಯಲಿಗೆ ಮಂತ್ರಿಯೊಬ್ಬರ ಹೆಲಿಕಾಪ್ಟರ್ ಇಳಿಯುತ್ತದೆ ಎಂದು ಹಬ್ಬಿಸಿದಳು. ಹೆಲಿಕಾಪ್ಟರುಗಳು ಬಳ್ಳಾರಿಯ ಮೇಲೆ ಹದ್ದುಗಳಂತೆ ಹಾರಾಡುತ್ತಿದ್ದ ಕಾಲ ಅದು. ಓಣಿಗೆ ಓಣಿಯೇ ಬಿಸಿಲಲ್ಲಿ ಹಾರ ಹಿಡಿದು ಸಂಜೆತನಕ ನಿಂತಿತು. ಕೊನೆಗೆ ಆ ಹಾರ ಶಿವಬಸಮ್ಮನ ಎಮ್ಮೆಯ ಕೊರಳಿಗೆ ಬಿತ್ತು.

ಆದರೆ ಅವಳ ಕೈ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ತೂಕ ಹೆಚ್ಚಿಸಲು ಹತ್ತಿಗೆ ನೀರು ಹೊಡೆದು ತರುವವರು ಎಲ್ಲ ಕಾಲಕ್ಕೂ ಇದ್ದಾರೆ. ಅನುಮಾನ ಬಂದ ಹತ್ತಿಯ ಅಂಡಿಗೆ ಬಿಚ್ಚಿ ಚಿದಾನಂದಪ್ಪ ಅಕ್ಕನನ್ನು ಕರೆಯುತ್ತಿದ್ದ. ಅವಳು ಮೊಣಕೈತನಕ ಕೈ ತೂರಿಸಿ, ಹಿಡಿದು ಅದುಮಿ, "ಕುಡಿದೈತಿ" ಅಂದರೆ ಮುಗಿಯಿತು. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಅಕ್ಷಿತಾಳಿಗೆ ಶಿವಬಸಮ್ಮನೆಂದರೆ ಪ್ರಾಣ. ಸುಳ್ಳನ್ನು ಸುಳ್ಳೆಂದು ತಿಳಿದೂ ಪೂರ್ತಿ ಕೇಳಿ, ಕೊನೆಗೆ "ಆಮ್ಯಾಲ ದೊಡ್ಡತ್ತಿ?" ಎನ್ನುವವಳು ಆ ಮನೆಯಲ್ಲಿ ಅವಳೊಬ್ಬಳೇ. ಸುಳ್ಳುಗಾರರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಐವತ್ತೆರಡು ಐವತ್ತೆರಡೂವರೆಯಾಯಿತು. ಐವತ್ತನಾಲ್ಕಾಯಿತು. ಎಂಟನೇ ತಿಂಗಳಿಗೆ ಬಿದ್ದ ಮೇಲೆ ಐವತ್ತೇಳು. ಐದನೇ ಸೋಮವಾರ ಮಾರೆಣ್ಣ ಕಾಟಾದ ಮುಳ್ಳನ್ನು ಎರಡೆರಡು ಸಲ ನೋಡಿ, "ಅರವತ್ತೊಂದು!" ಎಂದು ಕೂಗಿದ.

"ಒಂದು ವಾರಕ್ಕ ನಾಕು ಕಿಲೋ!" ಚಿದಾನಂದಪ್ಪ ಕುಣಿಯುವುದೊಂದು ಬಾಕಿ. ಅಂಗಡಿಯ ಜನಕ್ಕೆಲ್ಲ ಪೇಡೆ ಹಂಚಿದ. ಫೋನಿನಲ್ಲಿ, "ಬೀಗತಿ, ಕೂತಗೊಂಡು ಕೇಳ್ರಿ, ನಿಂತು ಕೇಳಿದ್ರ ಬೀಳ್ತೀರಿ" ಎಂದ.

ಶಿವಬಸಮ್ಮ ಪೇಡೆ ತಿನ್ನಲಿಲ್ಲ. ಅವಳಿಗೆ ಒಂದು ಲೆಕ್ಕ ಹತ್ತಿರಲಿಲ್ಲ. ಎರಡು ವಾರದಿಂದ ಅಕ್ಷಿತಾಳ ತಾಟು ಅರ್ಧಕ್ಕೆ ಮರಳಿ ಬರುತ್ತಿತ್ತು. ಹಾಲನ್ನು ಹುಡುಗಿ ಗುಟ್ಟಾಗಿ ಬೆಕ್ಕಿಗೆ ಹಾಕುತ್ತಿದ್ದಳು. ಬೆಕ್ಕು ದಪ್ಪಗಾಗಿದ್ದು ನ್ಯಾಯ. ತಿನ್ನದವಳ ಮೈಗೆ ನಾಲ್ಕು ಕಿಲೋ ಎಲ್ಲಿಂದ ಬಂತು?

ಮನೆಗೆ ಬಂದು ಅಕ್ಷಿತಾಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೊಳಕಾಲಿನ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳಿಟ್ಟು ಅದುಮಿ ತೆಗೆದಳು. ಗುಳಿ ಬಿತ್ತು. ಬಿದ್ದದ್ದು ಏಳಲಿಲ್ಲ. ಒಣ ಹತ್ತಿ ಅದುಮಿದರೆ ಪುಟಿದು ಮೇಲೆ ಬರುತ್ತದೆ. ನೀರು ಕುಡಿದದ್ದು ಅದುಮಿದಲ್ಲೇ ಕೂರುತ್ತದೆ. ಕೈಯ ಹಿಂಬದಿ ಅದುಮಿದಳು, ಅಲ್ಲೂ ಗುಳಿ. ಹುಡುಗಿಯ ಕಣ್ಣ ರೆಪ್ಪೆಗಳು ನೆನೆಸಿದ ಅವರೆಕಾಳಿನಂತೆ ಉಬ್ಬಿದ್ದವು.

"ತಲಿ ನೋಯ್ತೈತೇನವ್ವಾ?"

"ಮೂರು ದಿನ ಆತು ದೊಡ್ಡತ್ತಿ. ಕಣ್ಮುಂದ ಮಿಣಮಿಣ ಕಿಡಿ ಹಾರ್ತಾವ. ಅತ್ತಿ ಅಂದ್ರು, ಇವರ ಅಂಗಿ ಒಗದಿದ್ದಕ್ಕ ಅದಿರಿನ ಪುಡಿ ಕಣ್ಣಾಗ ಹೋಗಿರಬೇಕು, ಅದು ಮಿಂಚತೈತಿ ಅಂತ. ನೀರಾಗ ಕಣ್ಣು ಬಿಟ್ಟು ತೊಳಕೊಂಡೆ."

ಶಿವಬಸಮ್ಮ ಓಣಿಗೆ ಬರುವ ನರ್ಸಮ್ಮನಿಗೆ ಫೋನು ಮಾಡಿದಳು. ನರ್ಸಮ್ಮ ತನ್ನ ಹೆರಿಗೆಗೆ ತಾನೇ ರಜೆ ಹಾಕಿ ತವರಿಗೆ ಹೋಗಿದ್ದಳು. ಮಾತಿನ ನಡುನಡುವೆ ನರಳುತ್ತಿದ್ದಳು. "ಅಮ್ಮಾ, ಮುಖ ಬಾವು, ತಲಿನೋವು, ಕಣ್ಮುಂದ ಕಿಡಿ... ಅದು ಬಿ.ಪಿ. ಇರಬೇಕ್ರಿ. ಇವತ್ತ ಬಳ್ಳಾರಿಗೆ ಕರಕೊಂಡು ಹೋಗ್ರಿ. ಫಿಟ್ಸ್ ಬಂತಂದ್ರ ತಾಯಿ ಕೈಬಿಟ್ಟು ಹೋಗ್ತಾಳ, ತಡಾ ಮಾಡಬ್ಯಾಡ್ರಿ... ಅಯ್ಯೋ, ನನಗ ನೋವು ಬಂತು, ಇಡ್ತೀನ್ರಿ."

ಶಿವಬಸಮ್ಮ ಅಂದು ಒಂದು ದಿನದಲ್ಲಿ ಹೇಳಿದಷ್ಟು ನಿಜವನ್ನು ಮೂವತ್ತು ವರ್ಷದಲ್ಲಿ ಹೇಳಿರಲಿಲ್ಲ.

ಮೊದಲು ತಮ್ಮನಿಗೆ ಹೇಳಿದಳು. "ಚಿದ್ಯಾ, ಅದು ಮೈ ಅಲ್ಲ, ನೀರು. ಹುಡುಗಿ ಹಸಿ ಆಗ್ಯಾಳ. ದವಾಖಾನಿಗೆ ನಡಿ."

"ಅಕ್ಕಾ, ಸೊಸಿ ಏನು ಹತ್ತಿ ಅಂಡಿಗಿಯೇನು? ನನ್ನ ಸಂತೋಷಕ್ಕ ನೀರು ಹೊಡೀಬ್ಯಾಡ."

"ನರ್ಸಮ್ಮ ಹೇಳ್ಯಾಳ."

"ಹೋದ ವರ್ಷ ತಹಶೀಲ್ದಾರ್ ಹೇಳ್ಯಾನ ಅಂದಿದ್ದಿ. ಅದರ ಹಿಂದಿನ ವರ್ಷ ನಮ್ಮಪ್ಪ ಕನಸಿನಾಗ ಬಂದು ಹೇಳ್ಯಾನ ಅಂದಿದ್ದಿ."

"ಹಚ್ಚಿ ಕೇಳು ಹಂಗಾರ."

ಹಚ್ಚಿದ. ಸ್ವಿಚ್ ಆಫ್. ನರ್ಸಮ್ಮ ಹೆರಿಗೆ ಕೋಣೆಗೆ ಹೋಗಿಯಾಗಿತ್ತು. ಚಿದಾನಂದಪ್ಪ ಫೋನನ್ನು ಅಕ್ಕನ ಮುಖದ ಮುಂದೆ ಹಿಡಿದು ನಕ್ಕ.

ತಮ್ಮನ ಹೆಂಡತಿ ವೀರಭದ್ರಮ್ಮ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಕಾಲು ಬಾತ್ರ ಗಂಡು ಅಂತಾರ ಅಕ್ಕಾ, ನಿನಗೇನು ಗೊತ್ತು? ಅದೂ ಎಂಟನೇ ತಿಂಗಳಾಗ ಹರಿಯೋ ನೀರು ದಾಟಸ್ತಾರೇನು ಯಾರರ? ಬಳ್ಳಾರಿಗೆ ಹೋಗಬೇಕಂದ್ರ ಕಾಲುವಿ ದಾಟಬೇಕು. ಒಂಬತ್ತು ಬರ್ಲಿ, ತವರಿನವರು ಬಂದು ಕರಕೊಂಡು ಹೋಗ್ತಾರ."

ಸಂಡೂರಿನಲ್ಲಿದ್ದ ಜಂಬುನಾಥನಿಗೆ ಫೋನು ಮಾಡಿದಳು. "ಅತ್ತಿ," ಎಂದ ಅವನು, ಲಾರಿಗಳ ಸದ್ದಿನ ನಡುವೆ ಕಿರುಚುತ್ತ, "ದೀಪಾವಳ್ಯಾಗ ಮನಿಗೆ ಇನ್‌ಕಮ್ ಟ್ಯಾಕ್ಸ್‌ನೋರು ಬಂದಾರ ಅಂದಿದ್ದಿ. ನಾ ಎದಿ ಒಡಕೊಂಡು ಓಡಿ ಬಂದ್ರ ಹೋಳಿಗಿ ಮಾಡಿ ದಾರಿ ಕಾಯಾಕತ್ತಿದ್ದಿ. ಈ ಸಲ ಏನು ಮಾಡೀದಿ? ಕಡಬೋ, ಕರಿಗಡಬೋ?"

ಶಿವಬಸಮ್ಮ ಹಿತ್ತಲಿಗೆ ಹೋಗಿ ಎಮ್ಮೆಯ ಪಕ್ಕ ಕುಳಿತಳು. ಹುಡುಗಿ ಸಾಯುತ್ತಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು. ತೀರಿಹೋದ ತನ್ನ ಗಂಡನಿಗೂ ಆಗ ಮೂರು ದಿನ ತಲೆನೋವೇ ಇತ್ತು. ಯಾರೋ ಬಿಸಿಲು ಅಂದಿದ್ದರು. ಅವಳೂ ಬಿಸಿಲೇ ಅಂದುಕೊಂಡು ಈರುಳ್ಳಿ ಜಜ್ಜಿ ಹಚ್ಚಿದ್ದಳು.

ಸಿರುಗುಪ್ಪದ ಬೀಗತಿಗೆ ನಿಜ ಹೇಳಬಹುದಿತ್ತು. ಹೇಳಿದರೆ ಅವಳು ಅಳುತ್ತ ಕುರುಗೋಡಿಗೆ ಬರುತ್ತಾಳೆ. ಅಳು ಮುಗಿಯಲು ಅರ್ಧ ದಿನ, ಜಗಳ ಮುಗಿಯಲು ಇನ್ನರ್ಧ ದಿನ. ತಮ್ಮ ಹಠಕ್ಕೆ ಬಿದ್ದು ಸೊಸೆಯನ್ನು ಅಂಗಳ ದಾಟಿಸುವುದಿಲ್ಲ. ನಿಜಕ್ಕೆ ಕಾಲಿಲ್ಲ, ಹೊತ್ತುಕೊಂಡು ಹೋಗಬೇಕು. ಸುಳ್ಳಾದರೆ ತಾನೇ ಓಡುತ್ತದೆ.

ಮಂಗಳವಾರ ಬೆಳಿಗ್ಗೆ ಎದ್ದವಳೇ ತಮ್ಮನ ಎದುರು ಕುಳಿತು, ನಿಟ್ಟುಸಿರು ಬಿಟ್ಟು, "ನಾ ಹೇಳಬಾರದು" ಎಂದಳು.

"ಹೇಳಬ್ಯಾಡ ಹಂಗಾರ."

"ಸಿರುಗುಪ್ಪದ ಬಸ್ಸಿನಾಗ ಬಂದೋರು ಹೇಳಿದ್ರು. ಬೀಗತಿ ಸಂತ್ಯಾಗ ನಿಂತು ಅಂದಾಳಂತ, 'ಚಿದಾನಂದಪ್ಪನ ಕಾಟಾ ಕಳ್ಳ ಕಾಟಾ. ರೈತರ ಹತ್ತಿ ಹಾಕಿದ್ರ ಕಮ್ಮಿ ತೋರಸತೈತಿ, ಸೊಸಿನ್ನ ನಿಲ್ಲಿಸಿದ್ರ ಜಾಸ್ತಿ ತೋರಸತೈತಿ' ಅಂತ."

ಅಕ್ಕನ ಮಾತಿನಲ್ಲಿ ಒಂದನ್ನೂ ನಂಬದ ಚಿದಾನಂದಪ್ಪ ಇದನ್ನು ಅರೆಗಳಿಗೆಯಲ್ಲಿ ನಂಬಿದ. ಬೀಗರ ಮೇಲಿನ ಚಾಡಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅವನ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು.

"ಕಳ್ಳ ಕಾಟಾ? ನಂದು?"

"ಅಷ್ಟಕ್ಕ ನಿಂತಿಲ್ಲ. ಬಳ್ಳಾರಿ ಬ್ರೂಸ್‌ಪೇಟ್ಯಾಗ ಡಾಕ್ಟರ್ ಕೌಸರ್ ಅಂತ ಹೆರಿಗಿ ಡಾಕ್ಟರು ಅದಾರಲ್ಲ, ಅವರ ಹತ್ರ ಜರ್ಮನಿ ಕಾಟಾ ಐತಂತ. ಕೂದಲೆಳಿ ತೂಕನೂ ಹೇಳತೈತಂತ. ಧೈರ್ಯ ಇದ್ರ ಅದರ ಮ್ಯಾಲ ತೂಗಸಲಿ ಅಂದಾಳಂತ. ನಾನಂದೆ, ನಮ್ಮ ತಮ್ಮ ಯಾಕ ಬರ್ತಾನ, ಬಿಡ್ರಿ ಅಂತ."

"ಯಾಕ ಬರೂದಿಲ್ಲ? ಇವತ್ತ ಬರ್ತೀನಿ! ಭದ್ರಾ, ಸೊಸಿನ್ನ ಎಬ್ಬಿಸು!"

ವೀರಭದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಎಂಟರಾಗ ಹರಿಯೋ ನೀರು..."

"ಹರಿಯೋ ನೀರಂದ್ರ ಹೊಳಿ. ಹೊಳಿ ದೇವ್ರು ಮಾಡಿದ್ದು. ಕಾಲುವಿ ನೀರಾವರಿ ಇಲಾಖಿ ಮಾಡಿದ್ದು. ಇಲಾಖಿ ನೀರಿಗೆ ದೋಷ ಎಲ್ಲಿಂದ ಬರತೈತಿ?" ಎಂದ ಚಿದಾನಂದಪ್ಪ.

ವೀರಭದ್ರಮ್ಮ ಎರಡು ನಿಮಿಷ ಯೋಚಿಸಿದಳು. ಸೊಸೆಯ ತಲೆನೋವಿಗೆ ಬಾಗದ ಶಾಸ್ತ್ರ ಮನೆತನದ ಮಾನಕ್ಕೆ ಬಾಗಿತು. "ಅದೂ ಖರೆ," ಎಂದು ಸೀರೆ ಬದಲಿಸಲು ಹೋದಳು.

ಅಷ್ಟರಲ್ಲಿ ಶಿವಬಸಮ್ಮ ಮೂಲೆ ಅಂಗಡಿಯ ಕಾಯಿನ್ ಫೋನಿಗೆ ರೂಪಾಯಿ ಹಾಕಿದ್ದಳು. "ಬೀಗತಿ, ನಮ್ಮ ತಮ್ಮ ಇವತ್ತ ಹುಡುಗಿನ್ನ ಬಳ್ಳಾರಿಗೆ ಒಯ್ದು ಡಾಕ್ಟರ್ ಕೌಸರ್ ಕಾಟಾದ ಮ್ಯಾಲ ತೂಗಸ್ತಾನಂತ. ಸಿರುಗುಪ್ಪದವರು ಬರೂದಿಲ್ಲ, ಬಂದ್ರ ಸೋತಂಗ ಆಗತೈತಲ್ಲ, ಅನ್ನಾಕತ್ತಾನ." ಫೋನು ಅತ್ತ ಕಡೆಯಿಂದ ಸಿಡಿಯಿತು: "ಬರೂದಿಲ್ಲ? ಅಂವಗಿಂತ ಮೊದಲ ಇರ್ತೀವಿ ಅನ್ರಿ!"

ಹತ್ತು ಗಂಟೆಗೆ ಬಾಡಿಗೆ ಗಾಡಿ ಓಡಿಸುವ ನಾಸಿರನ ಟಾಟಾ ಸುಮೋ ಬಾಗಿಲಿಗೆ ಬಂತು. ಚಿದಾನಂದಪ್ಪ ಬರಿಗೈಯಲ್ಲಿ ಹೊರಡುವವನಲ್ಲ. ಸರ್ಕಾರಿ ಮುದ್ರೆಯ ಇಪ್ಪತ್ತು ಕಿಲೋದ ಮೂರು ಕಬ್ಬಿಣದ ತೂಕದ ಕಲ್ಲುಗಳನ್ನು ಮಾರೆಣ್ಣನಿಂದ ಗಾಡಿಗೆ ಹೇರಿಸಿದ. ಜರ್ಮನಿಯವರದಾದರೇನು, ಮೊದಲು ಪರೀಕ್ಷೆ ಮಾಡದೆ ನಂಬುವುದು ಹೇಗೆ?

ಹಿಂದಿನ ಸೀಟಿನಲ್ಲಿ ಅಕ್ಷಿತಾಳ ತಲೆ ಶಿವಬಸಮ್ಮನ ತೊಡೆಯ ಮೇಲಿತ್ತು. ಕಾಲುವೆಯ ಸೇತುವೆ ಬಂದಾಗ ವೀರಭದ್ರಮ್ಮ ಕಣ್ಣು ಮುಚ್ಚಿ, "ಇಲಾಖಿದು, ಇಲಾಖಿದು" ಎಂದು ಜಪಿಸಿದಳು. ಸೇತುವೆ ಇಳಿದ ಮೇಲೆ ಅಕ್ಷಿತಾ ಕಿಟಕಿಯ ಹೊರಗೆ ವಾಂತಿ ಮಾಡಿದಳು.

"ಎದಿ ಕೆಳಗ ಯಾರೋ ಕುಂತಂಗ ಆಗತೈತಿ ದೊಡ್ಡತ್ತಿ. ಏನರ ಒಂದು ಸುಳ್ಳು ಹೇಳು."

"ಹೇಳ್ತೀನಿ ಕೇಳು. ನಿನ್ನ ಮಾವಗ ಒಂದು ಸಲ ದಿಲ್ಲಿಂದ ಕಾಗದ ಬಂತು, ದೇಶದ ತೂಕ ಎಷ್ಟು, ತೂಗಿ ಕಳಸು ಅಂತ..."

ಬಳ್ಳಾರಿಯ ಹತ್ತಿರ ಅದಿರಿನ ಟಿಪ್ಪರುಗಳ ಸಾಲು ನಿಂತಿತ್ತು. ಮುಂದೆ ಎಲ್ಲೋ ಒಂದು ಮಗುಚಿತ್ತಂತೆ. ಕೆಂಪು ಧೂಳಿನೊಳಗೆ ಹಾರನ್ನುಗಳು ಮಾತ್ರ ಕೇಳುತ್ತಿದ್ದವು. ಚಿದಾನಂದಪ್ಪ ಮುಂದಿನ ಸೀಟಿನಲ್ಲಿ ಫೋನಿಗೆ ಬಾಯಿ ಹಚ್ಚಿ, ತಾನಿನ್ನೂ ತಲುಪಿಲ್ಲವೆಂದರೆ ಹೆದರಿದ್ದೇನೆಂದು ಅರ್ಥವಲ್ಲ ಎಂದು ಬೀಗರಿಗೆ ವಿವರಿಸುತ್ತಿದ್ದ. ನಾಸಿರ್ ಕನ್ನಡಿಯಲ್ಲಿ ಹುಡುಗಿಯ ಮುಖ ನೋಡಿದ. ಅವನ ದನಿ ತಗ್ಗಿತು.

"ಚಾಚಿ, ಖರೆ ಹೇಳ್ರಿ. ತೂಕ ನೋಡಾಕ ಹೊಂಟೀವೋ, ಜೀವ ಉಳಸಾಕ ಹೊಂಟೀವೋ?"

"ಎರಡನೇದಕ್ಕ ಹೊಂಟಂಗ ಓಡಸಪ್ಪಾ."

ನಾಸಿರ್ ಗಾಡಿಯನ್ನು ರಸ್ತೆಯಿಂದ ಇಳಿಸಿದ. ಜಾಲಿ ಗಿಡಗಳ ನಡುವೆ, ಒಬ್ಬರ ಹೊಲದ ಬದುವಿನ ಮೇಲೆ, ಒಂದು ಇಟ್ಟಿಗೆ ಭಟ್ಟಿಯ ಅಂಗಳದ ಮೂಲಕ, ಮುಂದೆ ಡಾಂಬರು ಕಾಣುವತನಕ ನಿಲ್ಲಿಸಲಿಲ್ಲ. ಹಿಂದೆ ಕಬ್ಬಿಣದ ಕಲ್ಲುಗಳು ಗಂಟೆಯಂತೆ ಬಡಿದುಕೊಳ್ಳುತ್ತಿದ್ದವು.

ಬ್ರೂಸ್‌ಪೇಟೆಯ ಸಂದಿಯೊಳಗಿನ ಆ ಚಿಕ್ಕ ದವಾಖಾನೆಯಲ್ಲಿ ನಲವತ್ತು ಜನ ಬಸುರಿಯರು ಚೀಟಿ ಹಿಡಿದು ಕುಳಿತಿದ್ದರು. ಸಿರುಗುಪ್ಪದ ಬೀಗ, ಬೀಗತಿ ಬಾಗಿಲಲ್ಲೇ ನಿಂತಿದ್ದರು. ಚಿದಾನಂದಪ್ಪ ಅವರನ್ನು ದಾಟಿ ನೇರ ಒಳಗೆ ನಡೆದ. ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ ನಾಸಿರನ ಕೈಯಿಂದ ಕಲ್ಲುಗಳನ್ನು ಒಂದೊಂದಾಗಿ ಇಡಿಸತೊಡಗಿದ.

"ಏ ಯಜಮಾನ್ರ! ಏನು ಮಾಡಾಕತ್ತೀರಿ?" ನರ್ಸು ಕಿರುಚಿದಳು.

"ಇಪ್ಪತ್ತು... ನಲವತ್ತು... ತಡಿಯವ್ವಾ, ನಿಮ್ಮ ಕಾಟಾ ಸರಿ ಐತೋ ಇಲ್ಲೋ ನೋಡಾಕತ್ತೀನಿ... ಅರವತ್ತು. ಪರವಾಗಿಲ್ಲ, ಜರ್ಮನಿಯೋರು ಪ್ರಾಮಾಣಿಕರು."

ಗದ್ದಲ ಕೇಳಿ ಒಳಗಿನಿಂದ ಡಾಕ್ಟರ್ ಕೌಸರ್ ಹೊರಗೆ ಬಂದರು. ತೆಳ್ಳನೆಯ, ಗಿಡ್ಡನೆಯ ಹೆಂಗಸು. ಕನ್ನಡಕ ತಲೆಯ ಮೇಲಿತ್ತು. ಅಷ್ಟು ಹೊತ್ತಿಗೆ ಅಕ್ಷಿತಾ ಯಂತ್ರದ ಮೇಲೆ ನಿಂತಿದ್ದಳು, ಶಿವಬಸಮ್ಮನ ಭುಜ ಹಿಡಿದು.

"ಅರವತ್ತೊಂದು ಮುಕ್ಕಾಲು!" ಚಿದಾನಂದಪ್ಪ ಎರಡೂ ಕೈ ಎತ್ತಿದ. "ನೋಡ್ರಿ ಬೀಗತಿ! ಕಣ್ಣು ತುಂಬ ನೋಡ್ರಿ!"

ಬೀಗತಿ ಅಂಕಿಯನ್ನು ನೋಡಲಿಲ್ಲ. ಮಗಳ ಮುಖವನ್ನು ನೋಡುತ್ತಿದ್ದಳು. "ಇದ್ಯಾರ ಮುಖ?" ಎಂದಳು ಸಣ್ಣ ದನಿಯಲ್ಲಿ. "ಇದು ನಮ್ಮ ಹುಡಿಗಿ ಮುಖ ಅಲ್ಲ."

ಡಾಕ್ಟರೂ ಅಂಕಿ ನೋಡಲಿಲ್ಲ. ನಲವತ್ತು ಚೀಟಿಗಳನ್ನು ಹಾಗೇ ಬಿಟ್ಟು ಅಕ್ಷಿತಾಳ ರಟ್ಟೆ ಹಿಡಿದು ಒಳಗೆ ಕರೆದೊಯ್ದು, ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ಗಾಳಿ ತುಂಬಿದರು. ನೂರೆಂಬತ್ತು, ನೂರಾ ಇಪ್ಪತ್ತು. ಎರಡನೇ ಸಲವೂ ಅದೇ. "ಯಾಕ ಕರಕೊಂಡು ಬಂದ್ರಿ ಇವರನ್ನ?"

"ತೂಕ ನೋಡಾಕ್ರಿ," ಎಂದ ಚಿದಾನಂದಪ್ಪ.

ಡಾಕ್ಟರು ಅವನನ್ನು ನೋಡಿದ ರೀತಿಗೆ ಅವನ ಕೈಗಳು ಕೆಳಗಿಳಿದವು. ಅದೇ ಕ್ಷಣ ಅಕ್ಷಿತಾಳ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಬಾಯಿ ಒಂದು ಬದಿಗೆ ಎಳೆಯಿತು. ಮೈ ಹಲಗೆಯಾಯಿತು, ಆಮೇಲೆ ಮಂಚ ಅಲುಗುವಂತೆ ನಡುಗತೊಡಗಿತು. ಬಾಯಿಯ ಮೂಲೆಯಲ್ಲಿ ನೊರೆ ಬಂತು. ಮುಖ ನೀಲಿಯಾಯಿತು.

ವೀರಭದ್ರಮ್ಮ ಸೊಂಟದಿಂದ ಬೀಗದಕೈ ಗೊಂಚಲು ಕಿತ್ತು ಸೊಸೆಯ ಅಂಗೈಗೆ ತುರುಕಿದಳು. "ಕಬ್ಬಿಣ ಹಿಡೀರಿ, ಕಬ್ಬಿಣ ಹಿಡಿದ್ರ ನಿಲ್ಲತೈತಿ!"

ಡಾಕ್ಟರು ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸುತ್ತಲೇ ಗೊಂಚಲನ್ನು ಕಸಿದು ಹಿಂದಕ್ಕೆ ಎಸೆದರು. "ಕಬ್ಬಿಣ ಬಳ್ಳಾರಿ ತುಂಬ ಐತಮ್ಮ, ಅದರಿಂದ ಯಾರೂ ಉಳಿದಿಲ್ಲ. ಮೆಗ್ನೀಸಿಯಂ ತಗೊಂಡು ಬರ್ರಿ ಸಿಸ್ಟರ್! ಆಕ್ಸಿಜನ್! ಎಲ್ಲಾರೂ ಹೊರಗ ನಡೀರಿ."

ಮೊಗಸಾಲೆಯಲ್ಲಿ ಎರಡು ಮನೆಯವರೂ ಒಂದೇ ಬೆಂಚಿನ ಮೇಲೆ ಕುಳಿತರು. ಅರ್ಧ ಗಂಟೆಯ ಮೇಲೆ ಡಾಕ್ಟರು ಬಂದು ನಿಂತೇ ಹೇಳಿದರು. ಬಸುರಿನ ಬಿ.ಪಿ. ವಿಪರೀತಕ್ಕೆ ಹೋಗಿದೆ, ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆ, ಅದಕ್ಕೇ ಮೈಯಲ್ಲಿ ನೀರು ನಿಂತಿದೆ. ಫಿಟ್ಸ್ ಈಗ ನಿಂತಿದೆ, ಮತ್ತೆ ಬರಬಹುದು. ಇದಕ್ಕೆ ಮದ್ದು ಒಂದೇ, ಮಗುವನ್ನು ಹೊರಗೆ ತೆಗೆಯಬೇಕು. ಬಿ.ಪಿ. ಸ್ವಲ್ಪ ಇಳಿದ ಕೂಡಲೇ ಆಪರೇಷನ್. "ಮಿದುಳು, ಕಿಡ್ನಿ, ಲಿವರ್, ಯಾವುದು ಯಾವಾಗ ಕೈ ಕೊಡತೈತಿ ಹೇಳಾಕಾಗೂದಿಲ್ಲ. ರಕ್ತ ಹೆಪ್ಪುಗಟ್ಟೋ ಶಕ್ತಿನೂ ಕಮ್ಮಿ ಆಗೈತಿ. ನಾ ಸುಳ್ಳು ಭರವಸಿ ಕೊಡೂದಿಲ್ಲ. ರಕ್ತ ಬೇಕು, ಕೊಡೋರು ಯಾರದೀರಿ?"

"ನಾನು!" ಎಂದ ಚಿದಾನಂದಪ್ಪ. "ನಾನು, ಹುಡಿಗಿ ಅಪ್ಪ ನಾನು!" ಎಂದ ಸಿರುಗುಪ್ಪದ ಬೀಗ. ಇಬ್ಬರೂ ಒಬ್ಬರನ್ನೊಬ್ಬರು ದಬ್ಬಿಕೊಂಡು ಪರೀಕ್ಷೆಗೆ ಹೋದರು. ಒಬ್ಬನಿಗೆ ಸಕ್ಕರೆ ಏರಿತ್ತು, ಇನ್ನೊಬ್ಬನ ಬಿ.ಪಿ. ಮಗಳದಕ್ಕೆ ಪೈಪೋಟಿ ಕೊಡುವಂತಿತ್ತು. ಇಬ್ಬರನ್ನೂ ಹಿಂದಕ್ಕೆ ಕಳಿಸಿದರು. ನಾಸಿರನ ರಕ್ತ ಹೊಂದಿತು. ಅವನು ತೋಳು ಮಡಚಿಕೊಂಡು, "ಇಬ್ಬರು ಸಾವ್ಕಾರ್ರಾಗ ಒಂದು ಬಾಟ್ಲಿ ರಕ್ತ ಹುಟ್ಟಲಿಲ್ಲ ನೋಡ್ರಿ ಚಾಚಿ" ಎಂದು ಹೋಗಿ ಮಲಗಿದ.

ಕಾಯುವಾಗ ಮಾತು ಬಂದೇ ಬರುತ್ತದೆ. "ಕಳ್ಳ ಕಾಟಾ ಅಂತ ಅನ್ನದಿದ್ರ ನಾ ಬರ್ತಿರಲೂ ಇಲ್ಲ," ಎಂದ ಚಿದಾನಂದಪ್ಪ, ದನಿಯಲ್ಲಿ ಸಿಟ್ಟಿಲ್ಲದೆ.

"ಯಾರಂದ್ರು?" ಎಂದಳು ಬೀಗತಿ.

"ನೀವೇ. ಸಂತ್ಯಾಗ."

"ನಾ ಸಂತಿಗೆ ಹೋಗಿ ಎರಡು ತಿಂಗಳಾತು. ನೀವಲ್ಲೇನು, ನಾವು ಸೋಲ್ತೀವಿ ಅಂತ ಬರೂದಿಲ್ಲ ಅಂದೋರು?"

ನಾಲ್ಕೂ ಜನ ಏಕಕಾಲಕ್ಕೆ ಶಿವಬಸಮ್ಮನ ಕಡೆ ತಿರುಗಿದರು. ಅವಳು ಗೋಡೆಯನ್ನು ನೋಡುತ್ತ ಕುಳಿತಿದ್ದಳು. ಚಿದಾನಂದಪ್ಪ ಎದ್ದು ಹೋಗಿ ತೂಕದ ಯಂತ್ರವನ್ನು ಬಗ್ಗಿಸಿ ಅಡಿಯಲ್ಲಿ ಬರೆದದ್ದನ್ನು ಓದಿದ. ಕೊಲ್ಕತ್ತಾದಲ್ಲಿ ತಯಾರಾದದ್ದು. ಇಪ್ಪತ್ತು ಕಿಲೋದ ಒಂದು ಕಲ್ಲಿನ ಮೇಲೆ ಕುಳಿತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಬೀಗತಿ ಎದ್ದು ಬಂದು ಶಿವಬಸಮ್ಮನ ಪಕ್ಕ ಅಂಟಿಕೊಂಡು ಕುಳಿತಳು.

ಸಂಜೆ ನಾಲ್ಕಕ್ಕೆ ಹೆಣ್ಣು ಮಗು ಹುಟ್ಟಿತು. ಬೆಕ್ಕಿನ ಮರಿಯಷ್ಟಿತ್ತು, ಆದರೆ ಬೆಕ್ಕಿಗಿಂತ ಜೋರಾಗಿ ಕೂಗಿತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿಗೆ ಎಚ್ಚರವಾಗಲಿಲ್ಲ. ಜಂಬುನಾಥ ಸಂಡೂರಿನಿಂದ ಕೆಂಪು ಧೂಳಿನ ಬೊಂಬೆಯಾಗಿ ಬಂದು ಬಾಗಿಲಲ್ಲಿ ಕುಸಿದ. "ಅತ್ತಿ, ಕಡಬು ಅಂದಿದ್ದೆ ನಾನು" ಎಂದು ಅದನ್ನೇ ಹೇಳುತ್ತಿದ್ದ.

ಅಕ್ಷಿತಾಳಿಗೆ ಎಚ್ಚರವಾದದ್ದು ಮರುದಿನ ಮಧ್ಯಾಹ್ನ. ಕಿಟಕಿಯಿಂದ ಉರಿ ಬಿಸಿಲು ನೇರ ಮಂಚದ ಮೇಲೆ ಬಿದ್ದಿತ್ತು. ಅವಳು ಕಣ್ಣು ತೆರೆದು, ಅತ್ತಿತ್ತ ಹೊರಳಿಸಿ, "ಯಾಕ ಇಷ್ಟು ಕತ್ತಲೈತಿ? ದೀಪ ಹಾಕ್ರಿ" ಎಂದಳು.

ಡಾಕ್ಟರು ಬಂದು ಟಾರ್ಚು ಬಿಟ್ಟು ನೋಡಿ, ಶಿವಬಸಮ್ಮನನ್ನು ಹೊರಗೆ ಕರೆದರು. ಮಿದುಳಿನಲ್ಲಿ ನೋಟದ ಜಾಗಕ್ಕೂ ಬಾವು ಬಂದಿದೆ. ಬಹಳ ಜನಕ್ಕೆ ಒಂದೆರಡು ದಿನದಲ್ಲಿ ನೋಟ ತಿರುಗಿ ಬರುತ್ತದೆ. ಬರದಿದ್ದವರೂ ಇದ್ದಾರೆ. "ಬಿ.ಪಿ. ಇನ್ನೂ ಕೈಗೆ ಸಿಕ್ಕಿಲ್ಲ. ಈಗ ಆಕಿ ಗಾಬರಿಯಾದ್ರ ಮತ್ತ ಏರತೈತಿ. ಸಮಾಧಾನ ಮಾಡ್ರಿ. ಹೆಂಗ ಮಾಡ್ತೀರೋ ಗೊತ್ತಿಲ್ಲ."

ಶಿವಬಸಮ್ಮ ಒಳಗೆ ಬಂದು ಹುಡುಗಿಯ ಹಣೆಯ ಮೇಲೆ ಕೈಯಿಟ್ಟಳು. "ರಾತ್ರಿ ಐತವ್ವಾ. ಕರೆಂಟ್ ಹೋಗೈತಿ. ಮಗು ಆರಾಮ ಐತಿ, ಮಲಗೈತಿ. ನೀನೂ ಮಲಗು."

ಆಮೇಲೆ ಬಾಗಿಲಿಗೆ ಬಂದು ಎಲ್ಲರಿಗೂ ಹೇಳಿದಳು: ಇನ್ನು ಮುಂದೆ ರಾತ್ರಿ. ಮಧ್ಯಾಹ್ನ ಒಂದು ಗಂಟೆಗೆ ಆ ವಾರ್ಡಿನಲ್ಲಿ ರಾತ್ರಿಯಾಯಿತು. ವೀರಭದ್ರಮ್ಮ ತುದಿಗಾಲಲ್ಲಿ ನಡೆದಳು. ಊಟದ ಗಾಡಿಯವನಿಗೆ ಜಂಬುನಾಥ ಕೈಮುಗಿದು ಚಕ್ರ ಎತ್ತಿಸಿದ. ಪಕ್ಕದ ಮಂಚದ ಬಾಣಂತಿಯೂ ಆಕಳಿಸಿದಳು. ಚಿದಾನಂದಪ್ಪ ತಾನಾಗಿಯೇ ಮೂಲೆಯಲ್ಲಿ ಕುಳಿತು, ಎಚ್ಚರವಿದ್ದೇ ಗೊರಕೆ ಹೊಡೆಯತೊಡಗಿದ. ಅವನು ಆಯುಷ್ಯದಲ್ಲಿ ಹೇಳಿದ ಮೊದಲ ಸುಳ್ಳು ಅದು, ಚೆನ್ನಾಗಿಯೇ ಹೇಳಿದ.

ಹತ್ತಿರದ ಮಸೀದಿಯಲ್ಲಿ ಬಾಂಗ್ ಕೂಗಿತು.

"ಬಾಂಗ್ ಕೊಡಾಕತ್ತಾರಲ್ಲ ದೊಡ್ಡತ್ತಿ?"

"ಬೆಳಗಿನ ಜಾವದ್ದು. ಇನ್ನೇನು ಬೆಳಕು ಹರೀತೈತಿ."

ನಾಲ್ಕೂವರೆಗೆ ಮತ್ತೆ ಕೂಗಿತು. "ಇನ್ನೂ ಹರೀಲಿಲ್ಲೇನು?"

"ಮೋಡ ಐತವ್ವಾ. ಮಲಗು."

ಹುಡುಗಿ ಶಿವಬಸಮ್ಮನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. ತಿಳಿದಿದ್ದಳೋ ಇಲ್ಲವೋ ಹೇಳುವುದು ಕಷ್ಟ. "ಆಮ್ಯಾಲ ದೊಡ್ಡತ್ತಿ?" ಎಂದು ಮಾತ್ರ ಕೇಳಿದಳು. ಬಿ.ಪಿ. ನೂರೈವತ್ತಕ್ಕೆ ಇಳಿಯಿತು. ಕೊಳವೆಯ ಚೀಲದಲ್ಲಿ ಮೂತ್ರ ತುಂಬತೊಡಗಿತು. ನರ್ಸು ಅದನ್ನು ನೋಡಿ, ಕಿಡ್ನಿ ಕೈಕೊಟ್ಟಿಲ್ಲವೆಂದು ನಕ್ಕಳು.

ನಿಜವಾದ ರಾತ್ರಿ ಬಂದು ಹೋಯಿತು. ಬೆಳಿಗ್ಗೆ ಹತ್ತು ಗಂಟೆಯಿರಬೇಕು, ಅಕ್ಷಿತಾ ಕಣ್ಣು ಬಿಟ್ಟು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು.

"ದೊಡ್ಡತ್ತಿ, ಈಗೂ ರಾತ್ರಿನಾ?"

"ಹೂಂ. ನಡುರಾತ್ರಿ."

"ಮತ್ತ ಆಕಿ ಯಾಕ ಈ ಹೊತ್ತಿನಾಗ ಮಾಳಿಗಿ ಮ್ಯಾಲ ಹಪ್ಪಳ ಒಣಗಸಾಕತ್ತಾಳ?"

ಶಿವಬಸಮ್ಮ ತಿರುಗಿ ನೋಡಿದಳು. ಎದುರು ಮನೆಯ ಮಾಳಿಗೆಯ ಮೇಲೆ ಹೆಂಗಸೊಬ್ಬಳು ಬಗ್ಗಿ ಹಳೆಯ ಪಂಚೆಯ ಮೇಲೆ ಹಪ್ಪಳ ಹರಡುತ್ತಿದ್ದಳು.

"ಯಾವ ಸೀರಿ ಉಟ್ಟಾಳ?" ಎಂದು ಹುಡುಗಿಯ ಕಡೆ ಬಗ್ಗಿ ಕೇಳಿದಳು.

"ಹಳದಿ. ಅಂಚು ಸ್ವಲ್ಪ ಮಸುಕು ಕಾಣತೈತಿ. ಹಸರು ಇರಬೇಕು."

ಹಸಿರೇ ಇತ್ತು. ಶಿವಬಸಮ್ಮ ಎದ್ದು ಬಾಗಿಲತನಕ ಹೋಗಿ, ಇಡೀ ದವಾಖಾನೆಗೆ ಕೇಳುವಂತೆ ಕೂಗಿದಳು.

"ಲೇ ಚಿದ್ಯಾ! ಏಳಲೇ, ಬೆಳಗಾತು!"